ಬಯಾಪ್ಸಿ ಮಾಡಿಸಿದರೆ ಬಾಯಿ ಕ್ಯಾನ್ಸರ್ ಹರಡುತ್ತದಾ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಕೆನ್ನೆಯ ಒಳಗೆ ಹುಣ್ಣಾಗಿ ತಿಂಗಳಾಯಿತು, ನೋವಿಲ್ಲ. ಡಾಕ್ಟರು ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಪರೀಕ್ಷೆ, ಮಾಡಿಸಿ ಅಂದಿದ್ದಾರೆ. ಚಾಕು ತಾಗಿದರೆ ಎಲ್ಲ ಕಡೆ ಹರಡುತ್ತದೆ ಎಂದು ಮನೆಯಲ್ಲಿ ಹೆದರುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾಡಿಸಿ. ಈ ವಾರವೇ ಮಾಡಿಸಿ.

ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹರಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿ? ನಮ್ಮಲ್ಲಿ ಬಹಳ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ರೋಗ ಕುತ್ತಿಗೆಗೆ ಇಳಿದಿರುತ್ತದೆ. ಬಯಾಪ್ಸಿ ಆದಮೇಲೆ ಹೆದರಿ ಮನೆಯಲ್ಲೇ ಉಳಿದುಬಿಡುವವರೂ ಇದ್ದಾರೆ. ಊರಿನವರ ಕಣ್ಣಿಗೆ ಕಾಣುವುದು ಇಷ್ಟೇ: ಚಾಕು ಹಾಕಿಸಿದರು, ಆಮೇಲೆ ಜಾಸ್ತಿಯಾಯಿತು.

ಮಾಮೂಲಿ ಬಾಯಿಹುಣ್ಣು ಎರಡು ವಾರದೊಳಗೆ ಮಾಯುತ್ತದೆ. ಮೂರು ವಾರವಾದರೂ ಮಾಯದ ಹುಣ್ಣನ್ನು ‘ಉಷ್ಣ’ ಎಂದು ಸುಮ್ನೆ ಬಿಡಬಾರದು. ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ, ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದ್ದರೂ ತೋರಿಸಬೇಕು. ಕೆಂಪು ಮಚ್ಚೆಯಾದರೆ ಇನ್ನೂ ಬೇಗ. ತಂಬಾಕು ಹಾಕದೆ ಬರೀ ಅಡಿಕೆ ಅಗಿಯುವವರಿಗೂ ಈ ಅಪಾಯ ಇದೆ.

ಬಯಾಪ್ಸಿ ಅಂದರೆ ದೊಡ್ಡ ಆಪರೇಷನ್ ಅಲ್ಲ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆಯುತ್ತಾರೆ. ಅದೇ ದಿನ ಮನೆಗೆ ಬರಬಹುದು. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದರೂ ಹುಣ್ಣು ಮಾಯದಿದ್ದರೆ ಮತ್ತೆ ತೋರಿಸಿ, ಕೆಲವೊಮ್ಮೆ ಇನ್ನೊಮ್ಮೆ ಚೂರು ತೆಗೆಯಬೇಕಾಗುತ್ತದೆ.

ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೆ? ಗಡ್ಡೆ 2 ಸೆಂಟಿಮೀಟರ್ ಒಳಗಿದ್ದು, ಅಂದರೆ ಸುಮಾರು ಒಂದು ರೂಪಾಯಿ ನಾಣ್ಯದಷ್ಟಿದ್ದು, 5 ಮಿಲಿಮೀಟರಿಗಿಂತ ಆಳಕ್ಕೆ ಇಳಿಯದೆ, ಕುತ್ತಿಗೆಗೂ ಹೋಗಿಲ್ಲದಿದ್ದರೆ ಅದು ಮೊದಲ ಹಂತ. ಈ ಹಂತದಲ್ಲಿ ಮುಖ್ಯ ಚಿಕಿತ್ಸೆ ಆಪರೇಷನ್. ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದ ಜೊತೆಗೇ ತೆಗೆಯುತ್ತಾರೆ. ಸಾಮಾನ್ಯವಾಗಿ ಕುತ್ತಿಗೆಯ ಗ್ರಂಥಿಗಳನ್ನೂ ಅದೇ ಆಪರೇಷನ್‌ನಲ್ಲಿ ತೆಗೆಯುತ್ತಾರೆ. ಅನೇಕರಿಗೆ ಅಷ್ಟರಲ್ಲೇ ಮುಗಿಯುತ್ತದೆ, ರೇಡಿಯೇಷನ್ ಬೇಕಾಗುವುದಿಲ್ಲ.

‘ಗಡ್ಡೆ ಬಾಯಲ್ಲಿದೆ, ಕುತ್ತಿಗೆ ಯಾಕೆ ಕೊಯ್ಯಬೇಕು?’ ಎಂಬ ಜಗಳ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಕೈಗೆ ಸಿಗದಷ್ಟು ಸಣ್ಣದಾಗಿ ರೋಗ ಕುತ್ತಿಗೆಯ ಗ್ರಂಥಿಗಳಲ್ಲಿ ಅಡಗಿರಬಹುದು, ಅದಕ್ಕೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಆರಂಭದ ಹಂತದ ಸುಮಾರು 500 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಗಡ್ಡೆಯ ಜೊತೆಗೇ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಗ್ರಂಥಿ ಊದಿಕೊಂಡಾಗ ನೋಡೋಣ ಎಂದು ಕಾದ ಗುಂಪಿನಲ್ಲಿ ಈ ಲೆಕ್ಕ 67.5. ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಈ ಚಿಕಿತ್ಸೆ ಸಿಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ಕೇಳಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಎಲೆ ಅಡಿಕೆ ಚೀಲವನ್ನು ಇವತ್ತೇ ಪಕ್ಕಕ್ಕಿಡುವಂತೆ ಅಪ್ಪನಿಗೆ ಹೇಳಿ. ರಿಪೋರ್ಟ್ ತರಲು ಅವರೊಬ್ಬರನ್ನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.