ದಪ್ಪ ದಾರ ಹಾಕಿದರೆ ಚೀಲ ಜೋತುಬೀಳೋದು ನಿಲ್ಲುತ್ತಾ?

ಪ್ರಶ್ನೆ: ಫಿಲೆ ಕ್ರೋಶಾದಲ್ಲಿ (ಖಾಲಿ ಮತ್ತು ತುಂಬಿದ ಚೌಕಗಳಿಂದ ಚಿತ್ರ ಮೂಡಿಸುವ ಜಾಲರಿ ಹೆಣಿಗೆ) ತರಕಾರಿ ಚೀಲ ಹಾಕಿದ್ದೇನೆ. ಖಾಲಿ ಇದ್ದಾಗ ಹೂವು ಲಕ್ಷಣವಾಗಿ ಕಾಣುತ್ತೆ. ಆಲೂಗಡ್ಡೆ ತುಂಬಿದ ಕೂಡಲೇ ಚೀಲ ಮೊಣಕಾಲಿನ ತನಕ ಇಳಿದು ಹೂವು ಸೊಟ್ಟಗಾಗುತ್ತೆ. ಇನ್ನೂ ದಪ್ಪ ದಾರ ತಗೋಬೇಕಿತ್ತಾ?

ಬೇಡ. ಇದನ್ನು ಎಷ್ಟು ಸಲ ಹೇಳಿದರೂ "ದಪ್ಪ ದಾರ, ಗಟ್ಟಿ ಚೀಲ" ಅನ್ನೋ ಮಾತು ಮಾತ್ರ ಸಾಯುತ್ತಿಲ್ಲ. ಈ ಸಲ ಲೆಕ್ಕ ಹಾಕಿಯೇ ಮುಗಿಸೋಣ.

10ನೇ ನಂಬರ್ ಹತ್ತಿ ದಾರ, 1.5 ಮಿ.ಮೀ. ಕಡ್ಡಿ, ಅಡ್ಡಕ್ಕೆ 30 ಮನೆಯ (ಎರಡು ಕಂಬಗಳ ನಡುವಿನ ಒಂದು ಚೌಕ ಒಂದು ಮನೆ) ಎರಡು ತುಂಡು ಅಂತಿಟ್ಟುಕೊಳ್ಳಿ. 30 ಮನೆಗೆ 31 ಕಂಬ, ಎರಡೂ ತುಂಡು ಸೇರಿ 62. ಎರಡು ಕೆ.ಜಿ. ತರಕಾರಿಯ ಭಾರ ಸಮನಾಗಿ ಹಂಚಿದರೆ ಒಂದು ಕಂಬದ ಪಾಲಿಗೆ ಬರುವುದು ಸುಮಾರು 32 ಗ್ರಾಂ. ಅಷ್ಟಕ್ಕೆ ಈ ದಾರ ಜಗ್ಗುವುದಿಲ್ಲ. (ಕಂಬ ಅಂದರೆ ನೆಟ್ಟಗೆ ನಿಲ್ಲುವ ಹೊಲಿಗೆ, ಅಮೆರಿಕದ ನಮೂನೆಗಳ ಡಬಲ್ ಕ್ರೋಶೆ. ಬ್ರಿಟಿಷ್ ನಮೂನೆಗಳಲ್ಲಿ ಅದನ್ನೇ ಟ್ರೆಬಲ್ ಅಂತಾರೆ. ನಮೂನೆ ಎಲ್ಲಿಯದು ಅಂತ ನೋಡದೆ ಶುರುಮಾಡಿದರೆ ಚಿತ್ರ ಚಪ್ಪಟೆಯೋ ಉದ್ದವೋ ಆಗುವುದು ಗ್ಯಾರಂಟಿ.)

ದಾರ ಜಗ್ಗದಿದ್ದರೆ ಚೀಲ ಹೇಗೆ ಉದ್ದವಾಯಿತು? ಹತ್ತು ಮನೆ ಅಡ್ಡ, ಹತ್ತು ಸಾಲು ಎತ್ತರದ ಒಂದು ಖಾಲಿ ಜಾಲರಿ ಹಾಕಿ. ಎದುರುಬದುರಿನ ಎರಡು ಮೂಲೆ ಹಿಡಿದು ಎಳೆಯಿರಿ. ಮನೆಗಳೆಲ್ಲ ವಜ್ರದಾಕಾರಕ್ಕೆ ಮಡಚಿ, ತುಂಡು ಉದ್ದಕ್ಕೆ ಕಿರಿದಾಗಿ ನಿಲ್ಲುತ್ತದೆ. ಅಲ್ಲಿ ದಾರ ಉದ್ದವಾಗಿಲ್ಲ, ಚೌಕ ವಾಲಿದೆ ಅಷ್ಟೆ. ನಾಲ್ಕು ಕೋಲು ಕಟ್ಟಿದ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಆಸರೆ ಕೊಡದಿದ್ದರೆ ಅದು ವಾಲುವ ಹಾಗೆಯೇ. ಎರಡೇ ಬಿಂದುವಿನಲ್ಲಿ ಹಿಡಿಕೆ ಹೊಲಿದ ಚೀಲದಲ್ಲಿ ಇಡೀ ಭಾರ ತಳದಿಂದ ಆ ಎರಡು ಬಿಂದುಗಳ ಕಡೆಗೆ ಓರೆಯಾಗಿ ಎಳೆಯುತ್ತದೆ. ನೀವು ಮೂಲೆ ಹಿಡಿದು ಎಳೆದದ್ದೂ ಹಾಗೆಯೇ. ತುಂಬಿದ ಮನೆಗಳಲ್ಲಿ ಕಂಬಗಳು ಒತ್ತಾಗಿ ನಿಂತಿರುವುದರಿಂದ ಅವು ಅಷ್ಟು ವಾಲುವುದಿಲ್ಲ. ಸುತ್ತಲಿನ ಖಾಲಿ ಮನೆಗಳು ವಾಲಿ, ಬಿಗಿಯಾಗಿ ನಿಂತ ಹೂವನ್ನು ಎಳೆದಾಡುತ್ತವೆ. ನಿಮ್ಮ ಹೂವು ಸೊಟ್ಟಗಾಗಿದ್ದು ಇದರಿಂದ.

ಈಗ ದಪ್ಪ ದಾರ ಏನು ಮಾಡುತ್ತದೆ ನೋಡಿ. ದಪ್ಪ ಎರಡು ಪಟ್ಟಾದರೆ ಅದೇ ಒಂದು ಮೀಟರ್ ದಾರ ನಾಲ್ಕು ಪಟ್ಟು ತೂಗುತ್ತದೆ. ಅದೇ ಅಳತೆಯ ಚೀಲಕ್ಕೆ ಅರ್ಧದಷ್ಟು ಮೀಟರ್ ಸಾಕು ನಿಜ, ಆದರೂ ಚೀಲದ ತೂಕ ಎರಡು ಪಟ್ಟು. ಇನ್ನು ಚಿತ್ರ. 10ನೇ ನಂಬರ್ ದಾರದಲ್ಲಿ ಒಂದು ಮನೆ ಸುಮಾರು 8 ಮಿ.ಮೀ. ಅಗಲ, ಅದಕ್ಕಿಂತ ತುಸುವೇ ಕಡಿಮೆ ಎತ್ತರ. ದಪ್ಪ ಹತ್ತಿ ನೂಲು, 3.5 ಮಿ.ಮೀ. ಕಡ್ಡಿಯಲ್ಲಿ ಅದೇ ಮನೆ ಸುಮಾರು 16 ಮಿ.ಮೀ. ಅಗಲ, ಎತ್ತರ ಮಾತ್ರ ಹತ್ತರ ಆಸುಪಾಸು. 25 ಸೆಂ.ಮೀ. ಅಗಲದಲ್ಲಿ 30 ಮನೆ ಸಿಗುವ ಕಡೆ 15 ಸಿಗುತ್ತದೆ, ಅದೂ ಕುಳ್ಳು ಮನೆಗಳು. ಗುಲಾಬಿ ಬಿಡಿಸಲು ಹೊರಟವರಿಗೆ ಎಲೆಕೋಸು ಸಿಗುತ್ತದೆ. ದಪ್ಪ ನೂಲೇ ಬೇಕು ಅಂತ ಹಟವಿದ್ದರೆ ಮನೆಗೆ ಎರಡು ಚೈನ್ (ಸರಪಳಿ ಹೊಲಿಗೆ) ಬದಲು ಒಂದೇ ಚೈನ್ ಹಾಕಿ, ಚೌಕ ಸುಮಾರಾಗಿ ಕೂರುತ್ತದೆ. ಜೋತುಬೀಳುವುದು ಆಗಲೂ ನಿಲ್ಲುವುದಿಲ್ಲ.

ನಿಲ್ಲಿಸುವುದು ತಳ, ಬಾಯಿ ಮತ್ತು ಪಕ್ಕ.

ತಳ: 93 ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೆಯದರಲ್ಲಿ ಮೊದಲ ಕಂಬ, ಅಲ್ಲಿಂದ ಪ್ರತಿ ಚೈನಿಗೂ ಒಂದು. ಶುರುವಿನ ಮೂರು ಚೈನ್ ಒಂದು ಕಂಬದ ಲೆಕ್ಕ, ಒಟ್ಟು 91. ಕಂಬಗಳ ಲೆಕ್ಕಕ್ಕೆ ಸೂತ್ರ ಬೇಕಿದ್ದರೆ ಮನೆಗಳ ಸಂಖ್ಯೆಯ ಮೂರು ಪಟ್ಟು, ಜೊತೆಗೆ ಒಂದು. ಇಂಥ ತುಂಬಿದ ಸಾಲು ಮೂರು ಹಾಕಿದ ಮೇಲೆ ಜಾಲರಿ. ಖಾಲಿ ಮನೆಯಿಂದ ಶುರುವಾಗುವ ಸಾಲಿಗೆ ತಿರುಗುವಾಗ ಐದು ಚೈನ್, ತುಂಬಿದ ಮನೆಯಾದರೆ ಮೂರು. ಸಾಲಿನ ಕೊನೆಯ ಕಂಬ ಹಿಂದಿನ ಸಾಲಿನ ತಿರುವು ಚೈನಿನ ಮೂರನೆಯದರಲ್ಲೇ ಕೂರಬೇಕು. ಅದನ್ನು ಬಿಟ್ಟಿರೋ, ಚೀಲ ಮೇಲೆ ಹೋದಂತೆ ಗೋಪುರವಾಗುತ್ತದೆ. ಹಾಗೇ ನಡುವಿನ ಕಂಬ ಕೆಳಗಿನ ಕಂಬದ ತಲೆಯ ಮೇಲೇ ಇರಲಿ. ಪಕ್ಕದ ಚೈನಿಗೆ ಕಡ್ಡಿ ಜಾರಿದರೆ ನೆಟ್ಟಗಿರಬೇಕಾದ ಗೆರೆ ಮೆಟ್ಟಿಲಾಗುತ್ತದೆ.

ಬಾಯಿ: ಖಾಲಿ ಮನೆಗಳ ಸಾಲಿನಲ್ಲೇ ಮುಗಿಸಬೇಡಿ. ನಾಲ್ಕು ಸಾಲು ಸಿಂಗಲ್ ಕ್ರೋಶೆ (ಕಂಬಕ್ಕಿಂತ ಗಿಡ್ಡ ಹೊಲಿಗೆ) ಹಾಕಿ. ಮೊದಲ ಸಾಲಿನಲ್ಲಿ ಕಂಬದ ಮೇಲೊಂದು, ಮನೆಯೊಳಗೆ ಎರಡು, ಪ್ರತಿ ಐದನೇ ಮನೆಯೊಳಗೆ ಒಂದೇ. 91 ಇದ್ದದ್ದು 85ಕ್ಕೆ ಇಳಿದು ಬಾಯಿ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಭಾರ ಎಲ್ಲಾ ಕಂಬಗಳಿಗೂ ಹಂಚಿಹೋಗುವುದು ಈ ಪಟ್ಟಿಯಿಂದಲೇ. ಮೇಲಿನ 32 ಗ್ರಾಂ ಲೆಕ್ಕ ನಿಜವಾಗಬೇಕಾದರೆ ಇದು ಇರಲೇಬೇಕು.

ಪಕ್ಕ: ಎರಡೂ ತುಂಡು ಜೋಡಿಸಿ, ಸಾಲಿಗೆ ಎರಡರಂತೆ ಸಿಂಗಲ್ ಕ್ರೋಶೆಯಲ್ಲಿ ಕೂಡಿಸಿ. ಸ್ಲಿಪ್ ಸ್ಟಿಚ್ (ಎತ್ತರವೇ ಇಲ್ಲದ ಬಿಗಿ ಹೊಲಿಗೆ) ಬೇಡ, ಅಂಚು ಸುಕ್ಕಾಗುತ್ತದೆ. ಹಿಡಿಕೆ ಈ ಜೋಡಣೆಯ ನೆತ್ತಿಯಿಂದಲೇ ಏಳಲಿ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ. ಆಗ ಎಳೆತ ಜಾಲರಿಯ ಮೇಲೆ ಬೀಳದೆ ಜೋಡಣೆಯಲ್ಲಿ ಇಳಿದು ತಳ ಮುಟ್ಟುತ್ತದೆ. ಹಿಡಿಕೆಯ ಎರಡೂ ಅಂಚಿಗೆ ಮಾತ್ರ ಒಂದೊಂದು ಸಾಲು ಸ್ಲಿಪ್ ಸ್ಟಿಚ್ ಓಡಿಸಿ. ಪಕ್ಕಕ್ಕೆ ಬೇಡವಾದ ಆ ಬಿಗಿ ಇಲ್ಲಿ ಬೇಕು.

ಸುತ್ತಲೂ ಒಂದೇ ತುಂಡಾಗಿ ಹಾಕುವವರು ಪ್ರತಿ ಸುತ್ತು ಮುಗಿದ ಮೇಲೆ ಕೂಡಿಸಿ, ತಿರುಗಿಸಿ ಹಾಕಿ. ತಿರುಗಿಸದೆ ಹೋದರೆ ಕಂಬಗಳು ಒಂದೇ ಕಡೆ ವಾಲುತ್ತಾ ಹೋಗಿ, ತರಕಾರಿ ತುಂಬುವ ಮೊದಲೇ ಚಿತ್ರ ಓರೆಯಾಗಿರುತ್ತದೆ.

ನೀವು ಕೇಳಲಿಲ್ಲ, ಆದರೆ ಎಡಗೈಯವರು ಯಾರಾದರೂ ಇದನ್ನು ಓದುತ್ತಿರುತ್ತಾರೆ. ಚಾರ್ಟನ್ನು (ಚಿತ್ರದ ಚೌಕ ನಕ್ಷೆ) ಕೆಳಗಿನಿಂದ ಮೇಲಕ್ಕೆ, ಬೆಸ ಸಾಲು ಬಲದಿಂದ ಎಡಕ್ಕೆ, ಸರಿ ಸಾಲು ಎಡದಿಂದ ಬಲಕ್ಕೆ ಓದುವುದು ರೂಢಿ. ಎಡಗೈಯವರು ಅದನ್ನೇ ಪಾಲಿಸಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಹೂವಿಗೆ ಅದು ಗೊತ್ತೇ ಆಗದು, ಅಕ್ಷರಕ್ಕೆ ಗೊತ್ತಾಗುತ್ತದೆ. (ಕನ್ನಡದ ದುಂಡಕ್ಷರಗಳನ್ನು ಚೌಕದಲ್ಲಿ ಕೂರಿಸುವುದೇ ಒಂದು ಸಾಹಸ, ಒತ್ತಕ್ಷರ ಬಂದರೆ ಕೆಳಗೆ ಇನ್ನಷ್ಟು ಸಾಲು ಬಿಡಬೇಕು.) ಗಾಬರಿಯಾಗಿ ಬಿಚ್ಚಬೇಡಿ. ಸಾಲು ಸಾಲಿಗೂ ತಿರುಗಿಸಿ ಹಾಕಿದ ಜಾಲರಿ ಎರಡೂ ಮುಖದಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತುಂಡನ್ನು ಮಗುಚಿದರೆ ಅಕ್ಷರ ಸರಿಹೋಯಿತು. ಆದರೆ ಇದನ್ನು ಪಕ್ಕ ಜೋಡಿಸುವ ಮುಂಚೆ ನೋಡಿಕೊಳ್ಳಿ, ದಾರದ ತುದಿಗಳನ್ನು ಸೇರಿಸುವುದೂ ಅದಾದ ಮೇಲೇ.