ಜಂಬಿಟ್ಟಿಗೆಯಲ್ಲೂ ತೂತಿದೆ, ಅದೂ ಜಿಯೊಲೈಟೇ ತಾನೇ?

ಪ್ರಶ್ನೆ: ಜಿಯೊಲೈಟ್ ಅಂದರೆ ತೂತಿರುವ ಕಲ್ಲು ಅಂತೀರಿ. ತೀರ್ಥಹಳ್ಳಿಯ ನಮ್ಮ ಮನೆಯ ಜಂಬಿಟ್ಟಿಗೆ ಗೋಡೆ ತುಂಬ ತೂತುಗಳೇ. ಅಣುಗಳನ್ನು ಜರಡಿ ಹಿಡಿಯಲು ಜಿಯೊಲೈಟಿನ ಬದಲು ಅದನ್ನೇ ಪುಡಿ ಮಾಡಿ ಬಳಸಬಾರದಾ?

ಉತ್ತರ: ಆಗುವುದಿಲ್ಲ. ಪ್ರತಿ ಮಳೆಗಾಲಕ್ಕೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಜಂಬಿಟ್ಟಿಗೆಯ ತೂತು ಮಳೆಯ ಕೆಲಸ. ನೀರು ಬಂಡೆಯೊಳಗಿನ ಸಿಲಿಕಾವನ್ನು ಲಕ್ಷಾಂತರ ವರ್ಷ ತೊಳೆಯಿತು. ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳು ಉಳಿದವು. ಹಾಗಾಗಿ ಒಂದು ತೂತಲ್ಲಿ ಇರುವೆ ಗೂಡು ಕಟ್ಟಿದರೆ, ಪಕ್ಕದ್ದರಲ್ಲಿ ಸಾಸಿವೆಯೂ ಹಿಡಿಯದು.

ಜಿಯೊಲೈಟಿನ ಕಿಟಕಿಗಳನ್ನು ಹರಳು ಕಟ್ಟುವಾಗಲೇ ಇಟ್ಟಿರುತ್ತದೆ. ಸಿಲಿಕಾನ್ ಅಥವಾ ಅಲ್ಯುಮಿನಿಯಂ, ಸುತ್ತ ನಾಲ್ಕು ಆಕ್ಸಿಜನ್. ಇಂಥ ಘಟಕಗಳು ಮೂಲೆಗೆ ಮೂಲೆ ಸೇರುತ್ತವೆ. ‘ಎ’ ಅನ್ನುವ ಬಗೆಯ ಜಿಯೊಲೈಟಿನಲ್ಲಿ ಎಂಟು ಘಟಕ ಬಳೆಯಂತೆ ಸೇರಿ ಸುಮಾರು 0.4 ನ್ಯಾನೊಮೀಟರಿನ ಕಿಟಕಿ ಆಗುತ್ತದೆ. ಚೀಲ ತುಂಬ ಪುಡಿಯಿದ್ದರೂ ಎಲ್ಲ ಕಿಟಕಿಗೂ ಅದೇ ಅಳತೆ. ನಿಮ್ಮ ಗೋಡೆಯ 4 ಮಿಲಿಮೀಟರ್ ತೂತು ಅದಕ್ಕಿಂತ ಒಂದು ಕೋಟಿ ಪಟ್ಟು ದೊಡ್ಡದು! ಒಳಗಿನ ಸೋಡಿಯಂ ತೆಗೆದು ಪೊಟ್ಯಾಸಿಯಂ ಇಟ್ಟರೆ ಕಿಟಕಿ 0.3ಕ್ಕೆ ಕಿರಿದಾಗುತ್ತದೆ, ಕ್ಯಾಲ್ಸಿಯಂ ಇಟ್ಟರೆ 0.5ಕ್ಕೆ ಅಗಲವಾಗುತ್ತದೆ. ಆಗ ನೇರ ಸರಪಳಿಯ ಹೈಡ್ರೋಕಾರ್ಬನ್ ಒಳಗೆ ಹೋಗುತ್ತದೆ, ಕವಲೊಡೆದದ್ದು ಹೊರಗೇ. ಜಂಬಿಟ್ಟಿಗೆ ಪುಡಿ ಮಾಡಿದರೆ ಕೆಂಪು ಧೂಳು ಸಿಗುತ್ತದೆ, ಅಷ್ಟೇ.

ಜಿಯೊಲೈಟ್ ಮಾಡುವುದು ಹೇಗೆ? ಸೋಡಿಯಂ ಸಿಲಿಕೇಟ್, ಸೋಡಿಯಂ ಅಲ್ಯುಮಿನೇಟ್, ಕಾಸ್ಟಿಕ್ ಸೋಡಾ ಬೆರೆಸಿದರೆ ಗಂಜಿಯಂಥ ಜೆಲ್. ಕೆಲವು ಗಂಟೆ 90-100 ಡಿಗ್ರಿಯಲ್ಲಿ ಬಿಟ್ಟರೆ ಎ ಜಿಯೊಲೈಟ್ ಹರಳುಗಟ್ಟುತ್ತದೆ. ಜೆಡ್‌ಎಸ್‌ಎಂ-5ರಂಥ ಬೇರೆ ಬಗೆಯ ಜಿಯೊಲೈಟುಗಳಿಗೆ ಸಾಮಾನ್ಯವಾಗಿ ಸಾವಯವ ಅಮೋನಿಯಂ ಅಯಾನು ಬೇಕು. ಅದು ತಾರಸಿಗೆ ಸೆಂಟ್ರಿಂಗ್ ಹೊಡೆದ ಹಾಗೆ. ಮೇಲೆ ಚೌಕಟ್ಟು ಗಟ್ಟಿಯಾದ ಮೇಲೆ 550 ಡಿಗ್ರಿಯ ಹತ್ತಿರ ಸುಟ್ಟು ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಜೊತೆಗಾರರು ಅಮೀನ್ (ಇದೂ ಸೆಂಟ್ರಿಂಗಿನಂಥ ಸಾವಯವ ವಸ್ತು) ಬಳಸಿ ಬಗೆಬಗೆಯ ಲೋಹ ಫಾಸ್ಫೇಟ್ ಚೌಕಟ್ಟುಗಳನ್ನು ಕಟ್ಟಿದರು. ಅಂಥ ಎಷ್ಟೋ ಚೌಕಟ್ಟುಗಳು ಸೆಂಟ್ರಿಂಗ್ ಬಿಚ್ಚಿದರೆ ಕುಸಿಯುತ್ತವೆ ಅನ್ನುವುದೂ ನಿಜ.

ಯಾರೂ ಕೇಳದ ಒಂದು ಮಾತು. ಕೋವಿಡ್ ಸಮಯದ ಆಕ್ಸಿಜನ್ ಕಾನ್ಸೆಂಟ್ರೇಟರ್ ನೆನಪಿದೆ ಅಲ್ವಾ? ಅದರೊಳಗೂ ಜಿಯೊಲೈಟೇ. ಆದರೆ ಅಲ್ಲಿ ಜರಡಿಯ ಲೆಕ್ಕ ನಡೆಯುವುದಿಲ್ಲ. ನೈಟ್ರೋಜನ್, ಆಕ್ಸಿಜನ್ ಎರಡೂ ಕಿಟಕಿ ದಾಟುತ್ತವೆ. ಒಳಗಿನ ಲೋಹದ ಅಯಾನು ನೈಟ್ರೋಜನ್ನನ್ನು ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದಾಗ ನೈಟ್ರೋಜನ್ ಹೊರಬೀಳುತ್ತದೆ. ಯಂತ್ರ ಆಗಾಗ ‘ಟುಸ್’ ಅನ್ನುತ್ತಿದ್ದದ್ದು ಅದಕ್ಕೇ.