ದೊಡ್ಡ ಹೆಸರು ಎಣಿಸಿದರೆ ಸಾಕಾ? 2004ರ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಪಟ್ಟಿ ಓದುತ್ತಾ

ಪ್ರಶ್ನೆ: ಬೇಸ್‌ಬಾಲ್ ಸೀಸನ್ ಶುರುವಾಗುವ ಮುಂಚೆ ಎರಡು ಎದುರಾಳಿ ತಂಡಗಳ ರೋಸ್ಟರ್ (ಆಟಗಾರರ ಪಟ್ಟಿ) ಪಕ್ಕಪಕ್ಕ ಇಟ್ಟು, ಈ ಸಲ ಇವರೇ ಗಟ್ಟಿ ಅಂತ ಹೇಳುತ್ತಾರಲ್ಲ, ಅದನ್ನು ಹೇಗೆ ನೋಡಬೇಕು? ದೊಡ್ಡ ಹೆಸರು ಯಾರ ಹತ್ತಿರ ಜಾಸ್ತಿ ಇದೆ ಅಂತ ಎಣಿಸಿದರೆ ಸಾಕಾ?

ಸಾಲದು. ಹೆಸರು ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಬೇಸ್‌ಬಾಲ್‌ನಲ್ಲಿ ಮೊದಲು ಎಣಿಸಬೇಕಾದ್ದು ಇನ್ನಿಂಗ್ಸ್. ಇಡೀ ವರ್ಷ ಚೆಂಡು ಎಸೆಯುವವರು ಯಾರು, ಅವರು ಎಷ್ಟು ಇನ್ನಿಂಗ್ಸ್ ತಾಳಿಕೊಳ್ಳುತ್ತಾರೆ ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಸುಮ್ನೆ ನಿಯಮ ಹೇಳಿದರೆ ಇದು ಮನಸ್ಸಿಗೆ ಹತ್ತುವುದಿಲ್ಲ. ಹಾಗಾಗಿ ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. 2004ರ ನ್ಯೂಯಾರ್ಕ್ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್. ಆ ವರ್ಷ ಏನಾಯಿತು ಅಂತ ಈಗ ನಮಗೆ ಗೊತ್ತು. ಮಾರ್ಚ್‌ನಲ್ಲಿ ಪಟ್ಟಿ ಹೇಳಿದ್ದನ್ನೂ ಅಕ್ಟೋಬರ್‌ನಲ್ಲಿ ನಡೆದದ್ದನ್ನೂ ತಾಳೆ ನೋಡಬಹುದು.

ಮೊದಲು ಒಂದು ಸಣ್ಣ ಲೆಕ್ಕ. ಒಂದು ತಂಡ ಸೀಸನ್‌ನಲ್ಲಿ 162 ಪಂದ್ಯ ಆಡುತ್ತದೆ. ಪಂದ್ಯಕ್ಕೆ 9 ಇನ್ನಿಂಗ್ಸ್, ಸಮವಾದರೆ ಇನ್ನೂ ಆಡುತ್ತಾರೆ. ಎದುರಾಳಿಯ ಮೂರು ಔಟ್ ತೆಗೆದರೆ ಪಿಚರ್ (ಚೆಂಡು ಎಸೆಯುವವರು) ಖಾತೆಗೆ ಒಂದು ಇನ್ನಿಂಗ್ಸ್. ಅಂದರೆ ಒಂದು ತಂಡದ ಪಿಚರ್‌ಗಳೆಲ್ಲ ಸೇರಿ ಸುಮಾರು 1,458 ಇನ್ನಿಂಗ್ಸ್ ಎಸೆಯಬೇಕು. ಇದರಲ್ಲಿ ದೊಡ್ಡ ಪಾಲು ಹೊರುವವರು ಐದು ಜನ ಸ್ಟಾರ್ಟರ್‌ಗಳು. ಪಂದ್ಯ ಶುರು ಮಾಡುವವರು ಇವರೇ. ಒಮ್ಮೆ ಎಸೆದರೆ ಸಾಮಾನ್ಯವಾಗಿ ನಾಲ್ಕು ದಿನ ವಿಶ್ರಾಂತಿ. ಇವರು ದಣಿದ ಮೇಲೆ ಬರುವವರ ಗುಂಪು ಬುಲ್‌ಪೆನ್. ಗೆಲುವು ಹತ್ತಿರ ಬಂದಾಗ ಕೊನೆಯ ಔಟ್‌ಗಳನ್ನು ತೆಗೆದು ಮುಗಿಸಿಕೊಡುವವರು ಕ್ಲೋಸರ್. ಸ್ಟಾರ್ಟರ್ ಬೇಗ ಹೊರಗೆ ಬಂದರೆ ಭಾರ ಬುಲ್‌ಪೆನ್ ಮೇಲೆ ಬೀಳುತ್ತದೆ. ಒಂದು ದಿನ ಹಾಗಾದರೆ ಪರವಾಗಿಲ್ಲ. ಆರು ತಿಂಗಳು ಹಾಗೇ ಆದರೆ ಕಷ್ಟ.

ಆರ್‌ಸಿಬಿ ನೋಡಿಕೊಂಡು ಬಂದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಕೊಹ್ಲಿ, ಡಿವಿಲಿಯರ್ಸ್, ಗೇಲ್ ಮೂವರೂ ಇದ್ದರು, ಕೊಹ್ಲಿ ಒಬ್ಬರೇ 973 ರನ್ ಹೊಡೆದಿದ್ದರು. ಆದರೂ ಫೈನಲ್‌ನಲ್ಲಿ ಹೈದರಾಬಾದ್‌ಗೆ 208 ರನ್ ಬಿಟ್ಟುಕೊಟ್ಟು ನಮ್ಮ ಚಿನ್ನಸ್ವಾಮಿಯಲ್ಲೇ 8 ರನ್‌ಗಳಿಂದ ಸೋತೆವು. ಕಪ್ ಬಂದದ್ದು 2025ರಲ್ಲಿ, ಹೇಜಲ್‌ವುಡ್, ಭುವನೇಶ್ವರ್, ಕೃನಾಲ್ ಬೌಲಿಂಗ್ ಹಿಡಿದುಕೊಂಡ ವರ್ಷ.

ಈಗ ಅಮೆರಿಕಕ್ಕೆ ಬರೋಣ. 2004ಕ್ಕೆ ಮುಂಚೆ ಬಾಸ್ಟನ್ ಕೊನೆಯ ಸಲ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್‌ನ ದೊಡ್ಡ ಕಪ್, ಗೆದ್ದದ್ದು 1918ರಲ್ಲಿ. ಅದಾಗಿ ಸ್ವಲ್ಪ ಸಮಯಕ್ಕೇ ಬೇಬ್ ರೂತ್ ಅವರನ್ನು ಯಾಂಕೀಸ್‌ಗೆ ಮಾರಿಬಿಟ್ಟರು. ಅಲ್ಲಿಂದ ಒಂದು ಊರಿಗೆ ಕಪ್ ಮೇಲೆ ಕಪ್, ಇನ್ನೊಂದು ಊರಿಗೆ ಬರೀ ಕಾಯುವ ಕೆಲಸ. 2003ರ ಅಕ್ಟೋಬರ್‌ನಲ್ಲಿ ಲೀಗ್ ಫೈನಲ್‌ನ (ಏಳರಲ್ಲಿ ನಾಲ್ಕು ಗೆದ್ದವರು ವರ್ಲ್ಡ್ ಸೀರೀಸ್‌ಗೆ ಹೋಗುತ್ತಾರೆ) ಏಳನೇ ಪಂದ್ಯದವರೆಗೂ ಬಂದು, 11ನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೊಡೆದ ಒಂದು ಹೋಮ್ ರನ್‌ಗೆ (ಚೆಂಡು ಬೇಲಿ ದಾಟಿ, ಹೊಡೆದವರೂ ಬೇಸ್‌ಗಳಲ್ಲಿ ಇದ್ದವರೂ ರನ್ ಗಳಿಸುವ ಹೊಡೆತ) ಬಾಸ್ಟನ್ ಸೋತಿತು. ಆ ಗಾಯ ಹಸಿಯಾಗಿರುವಾಗಲೇ ಚಳಿಗಾಲ ಬಂತು. ಆ ಚಳಿಗಾಲದಲ್ಲಿ ಎರಡೂ ತಂಡಗಳು ಪಟ್ಟಿ ಬದಲಿಸಿದ ರೀತಿ ನನಗೆ ಇವತ್ತಿಗೂ ಬೆರಗು.

ಎಲ್ಲರ ಕಣ್ಣೂ ಅಲೆಕ್ಸ್ ರೊಡ್ರಿಗಸ್ ಮೇಲಿತ್ತು. ಆಗ ಅವರು ಟೆಕ್ಸಸ್ ರೇಂಜರ್ಸ್‌ನ ಶಾರ್ಟ್‌ಸ್ಟಾಪ್, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ (ಓಟಗಾರ ಮುಟ್ಟಿ ಸಾಗಬೇಕಾದ ಗುರುತುಗಳು) ನಡುವೆ ನಿಲ್ಲುವ ಫೀಲ್ಡರ್. ವಯಸ್ಸು 28. 2003ರಲ್ಲಿ 47 ಹೋಮ್ ರನ್ ಹೊಡೆದು ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದರು. ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್ ಒಪ್ಪಂದ ಅವರದು. ಡಿಸೆಂಬರ್‌ನಲ್ಲಿ ಅವರು ಬಾಸ್ಟನ್‌ಗೆ ಬರುವುದು ಬಹುತೇಕ ಆಗಿಯೇ ಹೋಗಿತ್ತು. ಬದಲಿಗೆ ಮ್ಯಾನಿ ರಾಮಿರೆಜ್ ಟೆಕ್ಸಸ್‌ಗೆ ಹೋಗಬೇಕಿತ್ತು. ಅದಕ್ಕಾಗಿ ಸಂಬಳ ಬಿಟ್ಟುಕೊಡಲು ರೊಡ್ರಿಗಸ್ ಕೂಡ ಒಪ್ಪಿದ್ದರು. ಆಟಗಾರರ ಸಂಘ ಅಷ್ಟೊಂದು ಕಡಿತ ಆಗದು ಅಂದಿತು. ಮಾತುಕತೆ ಮುರಿದು ಬಿತ್ತು. ಜನವರಿಯಲ್ಲಿ ಅದೇ ಆರನ್ ಬೂನ್ ಬ್ಯಾಸ್ಕೆಟ್‌ಬಾಲ್ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಯಾಂಕೀಸ್‌ಗೆ ಥರ್ಡ್ ಬೇಸ್ ಖಾಲಿ. ಫೆಬ್ರವರಿಯಲ್ಲಿ ರೊಡ್ರಿಗಸ್ ನ್ಯೂಯಾರ್ಕ್‌ಗೆ ಬಂದರು. ಶಾರ್ಟ್‌ಸ್ಟಾಪ್ ಜಾಗದಲ್ಲಿ ಡೆರೆಕ್ ಜೀಟರ್ ಇದ್ದ ಕಾರಣ ಇವರೇ ಥರ್ಡ್ ಬೇಸ್‌ಗೆ ಸರಿದರು.

ಹೆಸರು ಎಣಿಸುವವರಿಗೆ ಅಲ್ಲಿಗೆ ತೀರ್ಪು ಮುಗಿದಿತ್ತು. ಜೀಟರ್, ರೊಡ್ರಿಗಸ್, ಹೊಸದಾಗಿ ಬಂದ ಗ್ಯಾರಿ ಶೆಫೀಲ್ಡ್, ಕೊನೆಯಲ್ಲಿ ಕ್ಲೋಸರ್ ಮರಿಯಾನೋ ರಿವೇರಾ. ಯಾಂಕೀಸ್‌ನ ಸಂಬಳದ ಬಿಲ್ಲು ಸುಮಾರು 18.4 ಕೋಟಿ ಡಾಲರ್, ಬಾಸ್ಟನ್‌ನದು ಸುಮಾರು 12.7 ಕೋಟಿ. ಇನ್ನೇನು ಬೇಕು?

ಇಲ್ಲೇ ಸ್ವಲ್ಪ ನಿಲ್ಲಬೇಕು. ಬಂದವರ ಹೆಸರಿನ ಪಕ್ಕದಲ್ಲಿ ಹೋದವರ ಹೆಸರನ್ನೂ ಬರೆಯಬೇಕು. ರೊಡ್ರಿಗಸ್‌ಗಾಗಿ ಯಾಂಕೀಸ್ ಕೊಟ್ಟದ್ದು ಆಲ್ಫೋನ್ಸೋ ಸೊರಿಯಾನೋ ಅವರನ್ನು. ಅವರು ಸೆಕೆಂಡ್ ಬೇಸ್ ಆಟಗಾರ, ದೊಡ್ಡ ಹೊಡೆತಗಾರ. ಅಂದರೆ ಒಂದು ಜಾಗ ತುಂಬಿಸಲು ಇನ್ನೊಂದು ಜಾಗ ಖಾಲಿ ಮಾಡಿದ್ದರು. ಆದರೂ ಅದು ಸಣ್ಣ ವಿಷಯ. ಮಿಗೆಲ್ ಕೈರೋ ಆ ಜಾಗವನ್ನು ಚೆನ್ನಾಗಿಯೇ ನೋಡಿಕೊಂಡರು.

ದೊಡ್ಡ ವಿಷಯ ಪಿಚರ್‌ಗಳದ್ದು. ಆ ಚಳಿಗಾಲ ಆಂಡಿ ಪೆಟಿಟ್, ರೋಜರ್ ಕ್ಲೆಮೆನ್ಸ್, ಡೇವಿಡ್ ವೆಲ್ಸ್ ಮೂವರೂ ಯಾಂಕೀಸ್ ಬಿಟ್ಟರು. 2003ರಲ್ಲಿ ಪೆಟಿಟ್ 21, ಕ್ಲೆಮೆನ್ಸ್ 17, ವೆಲ್ಸ್ 15 ಪಂದ್ಯ ಗೆದ್ದಿದ್ದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ: ಮೂವರೂ ತಲಾ 200ಕ್ಕಿಂತ ಜಾಸ್ತಿ ಇನ್ನಿಂಗ್ಸ್ ಎಸೆದಿದ್ದರು. ಒಟ್ಟು ಸುಮಾರು 630. ಒಂದೇ ಚಳಿಗಾಲದಲ್ಲಿ ಅಷ್ಟೂ ಹೋಯಿತು.

ಬದಲಿಗೆ ಬಂದವರು ಕಮ್ಮಿಯವರೇನಲ್ಲ. ಹವಿಯೇರ್ ವಾಸ್ಕೆಸ್‌ಗೆ 27 ವರ್ಷ, ಹಿಂದಿನ ವರ್ಷ ಮಾಂಟ್ರಿಯಲ್‌ಗೆ 230 ಇನ್ನಿಂಗ್ಸ್ ಎಸೆದವರು. ಕೆವಿನ್ ಬ್ರೌನ್ ಲಾಸ್ ಏಂಜಲೀಸ್‌ಗೆ 211 ಇನ್ನಿಂಗ್ಸ್ ಎಸೆದು ಲೀಗಿನ ಒಳ್ಳೆಯ ಪಿಚರ್‌ಗಳ ಸಾಲಿನಲ್ಲಿದ್ದರು. ಹಿಂದಿನ ಒಂದೇ ವರ್ಷ ನೋಡಿದರೆ ಹಳ್ಳ ಮುಚ್ಚಿದ ಹಾಗೇ ಕಾಣುತ್ತದೆ. ಆದರೆ ಬ್ರೌನ್ ಅವರ ಮೂರು ವರ್ಷ ನೋಡಿ. 2001ರಲ್ಲಿ ಸುಮಾರು 115, 2002ರಲ್ಲಿ 63, ಆಮೇಲೆ 211. ಗಾಯಗಳ ಮಧ್ಯೆ ಒಂದು ಒಳ್ಳೆಯ ವರ್ಷ. ಮೇಲಾಗಿ 2004ರ ಮಾರ್ಚ್‌ನಲ್ಲಿ ಅವರಿಗೆ 39 ತುಂಬಿತ್ತು. ಪಿಚರ್ ಪಟ್ಟಿ ಓದುವಾಗ ಯಾವತ್ತೂ ಮೂರು ವರ್ಷ ಹಿಂದಕ್ಕೆ ಹೋಗಿ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಕೈ ಮತ್ತು ಬೆನ್ನು ಹಳೆಯದನ್ನು ಮರೆಯುವುದಿಲ್ಲ.

ಬಾಸ್ಟನ್ ಪಟ್ಟಿಯನ್ನು ಬೇರೆ ಪ್ರಶ್ನೆ ಇಟ್ಟುಕೊಂಡು ಓದಬೇಕು: ಕಳೆದ ವರ್ಷ ಮನೆ ಎಲ್ಲಿ ಸೋರಿತ್ತು? ಅಲ್ಲಿಗೇ ಹೆಂಚು ಹಾಕಿದ್ದಾರಾ? ಬ್ಯಾಟಿಂಗ್ ಸೋರಿರಲಿಲ್ಲ. 2003ರಲ್ಲಿ ಅವರು 961 ರನ್ ಗಳಿಸಿದ್ದರು. ಮಿನ್ನೆಸೋಟಾ ಬೇಡ ಅಂತ ಬಿಟ್ಟ ಡೇವಿಡ್ ಒರ್ಟೀಸ್ 31 ಹೋಮ್ ರನ್ ಹೊಡೆದಿದ್ದರು. ಥರ್ಡ್ ಬೇಸ್‌ನ ಬಿಲ್ ಮ್ಯೂಲರ್ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರು. ಸೋರಿದ್ದು ಪಂದ್ಯದ ಕೊನೆಯಲ್ಲಿ. ನಂಬುವಂಥ ಕ್ಲೋಸರ್ ಇರಲಿಲ್ಲ. ಆ ಏಳನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ 5-2 ಮುಂದಿದ್ದಾಗ ದಣಿದಿದ್ದ ಸ್ಟಾರ್ಟರ್ ಪೆಡ್ರೋ ಮಾರ್ಟಿನೆಜ್ ಅವರನ್ನೇ ಮುಂದುವರಿಸಿದರು. ಯಾಂಕೀಸ್ ಮೂರು ರನ್ ತೆಗೆದು ಸಮ ಮಾಡಿತು. ಬಾಸ್ಟನ್ ಅಭಿಮಾನಿಗಳಿಗೆ ಆ ಇನ್ನಿಂಗ್ಸ್ ನೆನಪು ಮಾಡಿದರೆ ಈಗಲೂ ಸಂಕಟ ಆಗುತ್ತದೆ.

ಆ ಚಳಿಗಾಲ ಅವರು ಎರಡು ದೊಡ್ಡ ಕೆಲಸ ಮಾಡಿದರು. ಅರಿಜೋನಾದಿಂದ ಕರ್ಟ್ ಶಿಲ್ಲಿಂಗ್ ಅವರನ್ನು ತಂದರು. ಈಗ ಸ್ಟಾರ್ಟರ್ ಸಾಲು ಶಿಲ್ಲಿಂಗ್, ಮಾರ್ಟಿನೆಜ್, ಡೆರೆಕ್ ಲೋ, ಟಿಮ್ ವೇಕ್‌ಫೀಲ್ಡ್, ಬ್ರಾನ್ಸನ್ ಅರೋಯೋ. ಓಕ್ಲೆಂಡ್‌ನಲ್ಲಿ ಹಿಂದಿನ ವರ್ಷ 43 ಪಂದ್ಯ ಮುಗಿಸಿಕೊಟ್ಟಿದ್ದ ಕೀತ್ ಫೋಕ್ ಅವರನ್ನು ಕ್ಲೋಸರ್ ಮಾಡಿದರು. ಫೋಕ್ ಹೆಸರು ಕೇಳಿ ಯಾರೂ ಬೀದಿಗೆ ಬಂದು ಕುಣಿಯಲಿಲ್ಲ. ಆದರೆ ಸೋರುತ್ತಿದ್ದ ಜಾಗ ಅದೇ ಆಗಿತ್ತು. ನನ್ನ ಕೇಳಿದರೆ ಆ ಚಳಿಗಾಲದ ಅತಿ ಒಳ್ಳೆಯ ಆಯ್ಕೆ ಅದು.

ಬಾಸ್ಟನ್ ಪಟ್ಟಿಯಲ್ಲಿ ತೂತು ಇರಲಿಲ್ಲ ಅಂತಲ್ಲ. ಶಾರ್ಟ್‌ಸ್ಟಾಪ್ ನೋಮರ್ ಗಾರ್ಸಿಯಾಪಾರಾ ಮತ್ತು ರೈಟ್ ಫೀಲ್ಡ್‌ನ ಟ್ರಾಟ್ ನಿಕ್ಸನ್ ಇಬ್ಬರೂ ಗಾಯದಿಂದ ಜೂನ್‌ವರೆಗೆ ಮೈದಾನಕ್ಕೆ ಇಳಿಯಲಿಲ್ಲ. ಇಂಥ ಕಡೆ ಮೊದಲ ಒಂಬತ್ತು ಜನರನ್ನು ಬಿಟ್ಟು ಬೆಂಚ್ ನೋಡಬೇಕಾಗುತ್ತದೆ. ಪೋಕಿ ರೀಸ್ ಬ್ಯಾಟಿಂಗ್‌ನಲ್ಲಿ ಸಾಧಾರಣ, ಫೀಲ್ಡಿಂಗ್‌ನಲ್ಲಿ ಅದ್ಭುತ. ಅಂಥವರು ಇದ್ದದ್ದರಿಂದ ತಂಡ ಕುಸಿಯಲಿಲ್ಲ. ಏಪ್ರಿಲ್‌ನಲ್ಲಿ ಯಾಂಕೀಸ್ ಜೊತೆ ಆಡಿದ ಏಳರಲ್ಲಿ ಆರು ಪಂದ್ಯ ಗೆದ್ದರು.

ಹಾಗಾದರೆ ಪಿಚರ್ ಲೆಕ್ಕ ಸರಿ, ಹೆಸರಿನ ಲೆಕ್ಕ ತಪ್ಪು ಅಂತ ಆಯ್ತು ಅಲ್ವಾ? ಅಷ್ಟು ನೇರವಾಗಿ ಹೇಳಲು ಬರುವುದಿಲ್ಲ. 162 ಪಂದ್ಯ ಮುಗಿದಾಗ ಯಾಂಕೀಸ್ 101 ಗೆದ್ದಿತ್ತು, ಬಾಸ್ಟನ್ 98. ಡಿವಿಷನ್ (ಲೀಗಿನೊಳಗಿನ ಗುಂಪು) ಯಾಂಕೀಸ್‌ದೇ. 242 ಹೋಮ್ ರನ್ ಹೊಡೆಯುವ ತಂಡ ಎಷ್ಟೋ ಪಂದ್ಯಗಳನ್ನು ಬರೀ ಬ್ಯಾಟಿಂಗ್‌ನಿಂದಲೇ ಎಳೆದು ತರುತ್ತದೆ. ಪೆಟಿಟ್ ವಿಷಯವೂ ಹಾಗೆ. ಹ್ಯೂಸ್ಟನ್‌ಗೆ ಹೋದ ಅವರು ಮೊಣಕೈ ನೋವಿನಿಂದ 15 ಪಂದ್ಯವಷ್ಟೇ ಶುರು ಮಾಡಿದರು. ಉಳಿಸಿಕೊಂಡಿದ್ದರೂ ಆ ವರ್ಷ ಯಾಂಕೀಸ್‌ಗೆ ಅವರಿಂದ ಪೂರ್ತಿ ಸಹಾಯ ಸಿಗುತ್ತಿರಲಿಲ್ಲ. ಅದೇ ಹ್ಯೂಸ್ಟನ್‌ಗೆ ಹೋದ ಕ್ಲೆಮೆನ್ಸ್ ಮಾತ್ರ 18 ಗೆದ್ದು 4 ಸೋತರು.

ಇನ್ನಿಂಗ್ಸ್ ಸಾಲ ಬಂದು ಬಾಗಿಲು ಬಡಿದದ್ದು ಆಮೇಲೆ. ಬಾಸ್ಟನ್‌ನ ಆ ಐದು ಜನ 162ರಲ್ಲಿ 157 ಪಂದ್ಯ ಶುರು ಮಾಡಿದರು. ಬೇಸ್‌ಬಾಲ್‌ನಲ್ಲಿ ಇಷ್ಟು ಆರೋಗ್ಯ ಅಪರೂಪ, ಅದರಲ್ಲಿ ಅದೃಷ್ಟದ ಪಾಲೂ ಇತ್ತು ಅಂತ ಒಪ್ಪಿಕೊಳ್ಳಬೇಕು. ಐವರೂ ಸೇರಿ ಸಾವಿರಕ್ಕೆ ಹತ್ತಿರ ಇನ್ನಿಂಗ್ಸ್ ಎಸೆದರು. ಶಿಲ್ಲಿಂಗ್ ಒಬ್ಬರೇ 226. ಯಾಂಕೀಸ್‌ನಲ್ಲಿ ಒಬ್ಬರೂ 200 ಮುಟ್ಟಲಿಲ್ಲ. ವಾಸ್ಕೆಸ್ 198ಕ್ಕೆ ನಿಂತರು. ಬ್ರೌನ್ 132. ಸೆಪ್ಟೆಂಬರ್‌ನಲ್ಲಿ ಅವರು ಸಿಟ್ಟಿಗೆದ್ದು ಗೋಡೆಗೆ ಗುದ್ದಿ ಎಡಗೈ ಮುರಿದುಕೊಂಡರು.

ಉಳಿದ ಇನ್ನಿಂಗ್ಸ್ ಯಾರು ಎಸೆದರು? ಬುಲ್‌ಪೆನ್. ಪಾಲ್ ಕ್ವಾಂಟ್ರಿಲ್ 86 ಪಂದ್ಯ, ಟಾಮ್ ಗಾರ್ಡನ್ 80, ರಿವೇರಾ 74. ಮೂವರೂ ಒಳ್ಳೆಯವರು, ಅದರಲ್ಲೂ ರಿವೇರಾ ಸಾಟಿ ಇಲ್ಲದವರು. ಆದರೆ ಅಕ್ಟೋಬರ್ ಹೊತ್ತಿಗೆ ಕೈಗಳು ದಣಿದಿದ್ದವು. ಲೀಗ್ ಫೈನಲ್‌ನಲ್ಲಿ ಯಾಂಕೀಸ್ 3-0 ಮುಂದಿತ್ತು. ಮೂರನೇ ಪಂದ್ಯವನ್ನಂತೂ 19-8ರಿಂದ ಗೆದ್ದಿತ್ತು. ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ರಿವೇರಾ ಒಂದು ರನ್ ಮುನ್ನಡೆ ಕಳೆದುಕೊಂಡರು, 12ನೇ ಇನ್ನಿಂಗ್ಸ್‌ನಲ್ಲಿ ಒರ್ಟೀಸ್ ಹೋಮ್ ರನ್ ಹೊಡೆದು ಮುಗಿಸಿದರು. ಐದನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಗಾರ್ಡನ್ ಎಸೆತಕ್ಕೆ ಮತ್ತೆ ಒರ್ಟೀಸ್ ಹೋಮ್ ರನ್. ಆ ಪಂದ್ಯ 14 ಇನ್ನಿಂಗ್ಸ್ ನಡೆದು ಬಾಸ್ಟನ್ ಪಾಲಾಯಿತು. ಆರನೆಯದರಲ್ಲಿ ಪಾದದ ಕೀಲಿನ ಗಾಯದಿಂದ ಕಾಲುಚೀಲಕ್ಕೆ ರಕ್ತ ಇಳಿಯುತ್ತಿದ್ದರೂ ಶಿಲ್ಲಿಂಗ್ ಏಳು ಇನ್ನಿಂಗ್ಸ್ ಎಸೆದರು.

ಏಳನೇ ಪಂದ್ಯಕ್ಕೆ ಯಾಂಕೀಸ್ ಕೈಯಲ್ಲಿ ಉಳಿದಿದ್ದ ಸ್ಟಾರ್ಟರ್ ಕೆವಿನ್ ಬ್ರೌನ್. ಎರಡನೇ ಇನ್ನಿಂಗ್ಸ್ ಕೂಡ ಮುಗಿಸಲು ಆಗಲಿಲ್ಲ. ಅವರ ಬದಲು ಬಂದವರು ವಾಸ್ಕೆಸ್. ಬಂದ ಕೂಡಲೇ ಬಾಸ್ಟನ್‌ನ ಜಾನಿ ಡೇಮನ್ ನಾಲ್ಕು ರನ್‌ನ ಹೋಮ್ ರನ್ ಹೊಡೆದರು. ಚಳಿಗಾಲದಲ್ಲಿ ಹಳ್ಳ ಮುಚ್ಚಲು ತಂದ ಆ ಇಬ್ಬರೇ! ಬಾಸ್ಟನ್ 10-3ರಿಂದ ಗೆದ್ದು, ಆಮೇಲೆ ಸೇಂಟ್ ಲೂಯಿಸ್ ತಂಡವನ್ನು 4-0 ಸೋಲಿಸಿ 86 ವರ್ಷದ ನಂತರ ಕಪ್ ಎತ್ತಿತು.

ಇನ್ನೊಂದು ಮಾತು ಹೇಳದಿದ್ದರೆ ಉತ್ತರ ಪೂರ್ತಿ ಆಗುವುದಿಲ್ಲ. ಮಾರ್ಚ್‌ನ ಪಟ್ಟಿ ಮಾರ್ಚ್‌ನದ್ದು ಮಾತ್ರ. ಆಗ ಜುಲೈ 31ರವರೆಗೆ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಮಾಡಲು ಅವಕಾಶ ಇತ್ತು. ಆ ದಿನ ಬಾಸ್ಟನ್ ಊರಿನ ಕಣ್ಮಣಿ ಗಾರ್ಸಿಯಾಪಾರಾ ಅವರನ್ನೇ ಶಿಕಾಗೋಗೆ ಕಳಿಸಿ, ಫೀಲ್ಡಿಂಗ್ ಗಟ್ಟಿ ಮಾಡಿಕೊಂಡಿತು. ಅದೇ ದಿನ, ಜಾಸ್ತಿ ಸದ್ದಿಲ್ಲದೆ, ಡೇವ್ ರಾಬರ್ಟ್ಸ್ ಅನ್ನುವ ವೇಗದ ಓಟಗಾರನನ್ನೂ ತಂದಿತು. ಆ ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ಇನ್ನು ಮೂರು ಔಟ್ ಆದರೆ ಬಾಸ್ಟನ್ ಕಥೆ ಮುಗಿಯಿತು ಅನ್ನುವಾಗ, ಬೇರೊಬ್ಬರ ಬದಲು ಓಡಲು ಇಳಿದವರು ಅವರು. ಇವರು ಓಡುತ್ತಾರೆ ಅಂತ ರಿವೇರಾಗೆ ಗೊತ್ತಿತ್ತು, ಇಡೀ ಮೈದಾನಕ್ಕೆ ಗೊತ್ತಿತ್ತು. ಆದರೂ ಸೆಕೆಂಡ್ ಬೇಸ್ ಕದ್ದರು, ಅಂದರೆ ಚೆಂಡು ಹೊಡೆಯುವ ಮುಂಚೆಯೇ ಓಡಿ ಅದನ್ನು ಮುಟ್ಟಿದರು. ಮ್ಯೂಲರ್ ಹೊಡೆತಕ್ಕೆ ಓಡಿ ಬಂದು ಪಂದ್ಯ ಸಮ ಮಾಡಿದರು. ಮಾರ್ಚ್‌ನಲ್ಲಿ ಎರಡೂ ಪಟ್ಟಿಗಳನ್ನು ಎಷ್ಟು ಸಲ ಓದಿದ್ದರೂ ಅವರ ಹೆಸರು ಸಿಗುತ್ತಿರಲಿಲ್ಲ. ಆಗ ಅವರು ಲಾಸ್ ಏಂಜಲೀಸ್‌ಗೆ ಆಡುತ್ತಿದ್ದರು.